ಹರಾಜಿಲ್ಲದ ದಿನದ ಧಾರಣೆ

ತಿಪಟೂರಿನಿಂದ ಸ್ವಲ್ಪ ದೂರದಲ್ಲಿರುವ ನಮ್ಮ ಚಿಕ್ಕಪ್ಪನ ಮನೆಯ ಅಟ್ಟದ ಮೇಲೆ ಯಾವ ಕಾಲಕ್ಕೆ ಹೋದರೂ ತೆಂಗಿನಕಾಯಿಯ ರಾಶಿ ಇರುತ್ತದೆ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸಿಟ್ಟರೆ ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಸದ್ದು ಮಾಡುವ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಆ ಹನ್ನೊಂದು ತಿಂಗಳಲ್ಲಿ ಧಾರಣೆ ಎತ್ತ ಬೇಕಾದರೂ ಹೊರಳಬಹುದು. ಹಾಗಾಗಿ ಅಟ್ಟ ತುಂಬಿಸಿಕೊಂಡವನು ತಾನು ಷೇರುಪೇಟೆಯ ಕಡೆ ತಲೆಹಾಕಿಯೂ ಮಲಗಿದವನಲ್ಲ ಎಂದು ಎಷ್ಟೇ ಹೇಳಿಕೊಂಡರೂ, ವರ್ಷವಿಡೀ ಒಂದು ಮಾರುಕಟ್ಟೆಯಲ್ಲಿ ದುಡ್ಡು ಹೂಡಿಕೊಂಡೇ ಕೂತಿರುತ್ತಾನೆ.

2023ರ ದೀಪಾವಳಿಗೆ ಅಲ್ಲಿಗೆ ಹೋಗಿದ್ದಾಗ, ನಾನು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಸಂಸ್ಥೆಯ ಆ್ಯಪನ್ನು ಹೆಮ್ಮೆಯಿಂದಲೇ ಅವರಿಗೆ ತೋರಿಸಿದೆ. ಷೇರು, ಮ್ಯೂಚುವಲ್ ಫಂಡ್, ಕೃಷಿ ಸರಕು ಎಲ್ಲದರ ಬೆಲೆಯನ್ನೂ ಒಂದೇ ಕಡೆ ಕೊಡುವ ಉತ್ಪನ್ನ ಅದು. ಕೊಬ್ಬರಿಯ ಸಾಲಿನಲ್ಲಿ ಮೂರು ಅಂಕಿಗಳಿದ್ದವು: ಕನಿಷ್ಠ, ಗರಿಷ್ಠ, ಮಾದರಿ. ಚಿಕ್ಕಪ್ಪ ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಕೈಯಳತೆಯ ದೂರದಲ್ಲಿ ಹಿಡಿದು ಓದಿದರು.

"ಈ ಮೂರರಲ್ಲಿ ನಂದು ಯಾವ್ದಪ್ಪ?" ಎಂದರು.

ಮಾದರಿ ಧಾರಣೆ ಎಂದರೆ ಆ ದಿನ ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತೋ ಅದು ಎಂದು ವಿವರಿಸಿದೆ. ಅವರು ತಲೆಯಾಡಿಸಿ ಎರಡನೆಯ ಪ್ರಶ್ನೆ ಕೇಳಿದರು. "ಅದಿರ್ಲಿ, ಇವತ್ತು ಹರಾಜೇ ಇಲ್ವಲ್ಲ. ಇವತ್ತಿನ ರೇಟು ಅಂತ ಹಾಕವ್ರಲ್ಲ, ಎಲ್ಲಿಂದ ಬಂತು?"

ಎಲ್ಲಿಂದ ಬಂತೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಆ ತೀರ್ಮಾನ ಕೈಗೊಂಡ ಸಭೆಯಲ್ಲಿ ನಾನೂ ಇದ್ದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜು ನಡೆಯುವುದು ವಾರಕ್ಕೆ ಎರಡು ದಿನ. ಉಳಿದ ಐದು ದಿನ ಕೊಬ್ಬರಿಗೆ ಹೊಸ ಬೆಲೆಯೇ ಹುಟ್ಟುವುದಿಲ್ಲ. ಆದರೆ ನಮ್ಮಿಂದ ದತ್ತಾಂಶ ಕೊಳ್ಳುತ್ತಿದ್ದ ವ್ಯಾಪಾರಿ ಸಂಸ್ಥೆಗಳು ಅದನ್ನು ತಮ್ಮ ಎಕ್ಸೆಲ್ ಹಾಳೆಗಳಿಗೆ ಇಳಿಸಿಕೊಂಡು ಎಣ್ಣೆ, ಡಾಲರ್, ತಾಳೆ ಎಣ್ಣೆಯ ಆಮದು ಬೆಲೆ ಮೊದಲಾದವುಗಳ ಪಕ್ಕದಲ್ಲಿಟ್ಟು ಲೆಕ್ಕ ಹಾಕುತ್ತಿದ್ದವು. ನಡುವೆ ಖಾಲಿ ಮನೆಗಳಿದ್ದರೆ ಅವರ ಸೂತ್ರಗಳು ಮುರಿದುಬೀಳುತ್ತಿದ್ದವು. ಹೀಗಾಗಿ ಹರಾಜಿಲ್ಲದ ದಿನಕ್ಕೆ ಹಿಂದಿನ ಹರಾಜಿನ ಬೆಲೆಯನ್ನೇ ತುಂಬಿಕೊಡಿ ಎಂದು ಅವರು ಕೇಳಿದರು, ನಾವು ತುಂಬಿದೆವು. ದತ್ತಾಂಶದ ಕಸುಬಿನಲ್ಲಿ ಇದು ತೀರಾ ಮಾಮೂಲಿ ಪದ್ಧತಿ. ಅದು ತುಂಬಿಸಿದ ಅಂಕಿ, ಹುಟ್ಟಿದ ಅಂಕಿಯಲ್ಲ ಎಂಬುದು ವೃತ್ತಿಪರರಿಗೆ ತಿಳಿದಿರುತ್ತದೆ, ಏಕೆಂದರೆ ತಿಪಟೂರಿನ ಹರಾಜಿನ ದಿನ ಯಾವುದೆಂದು ಅವರಿಗೆ ಬಾಯಿಪಾಠ. ಅದೇ ಕೋಷ್ಟಕವನ್ನು ನಾವು ಹಾಗೆಯೇ ಎತ್ತಿ ಸಾಮಾನ್ಯ ಬಳಕೆದಾರರ ಆ್ಯಪಿಗೂ ಇಟ್ಟಿದ್ದೆವು, ಮೇಲೆ ಆ ದಿನದ ದಿನಾಂಕವನ್ನೂ ಬರೆದು.

ಚಿಕ್ಕಪ್ಪನಿಗೂ ಹರಾಜಿನ ದಿನ ಗೊತ್ತಿದ್ದುದರಿಂದ ಮೋಸ ಹೋಗಲಿಲ್ಲ. ಆದರೆ ಆ್ಯಪನ್ನು ತೆರೆಯುತ್ತಿದ್ದವರೆಲ್ಲ ಅವರಂತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳಲು ಪೀಣ್ಯದ ಕಾರ್ಖಾನೆ ಬಿಟ್ಟು ಬಂದ ಮಗನಿರಬಹುದು, ಮೂರು ಚೀಲ ಕೊಬ್ಬರಿಯನ್ನು ವರ್ಷಕ್ಕೊಮ್ಮೆ ಮಾರುವ ಹೆಂಗಸಿರಬಹುದು. ಅಂಥವರ ಕಣ್ಣಿಗೆ ನಾಲ್ಕು ದಿನ ಒಂದೇ ಅಂಕಿ ಕಂಡರೆ ಧಾರಣೆ ಗಟ್ಟಿಯಾಗಿ ನಿಂತಿದೆ ಎಂದೇ ಅರ್ಥವಾಗುತ್ತದೆ. ನಿಜದಲ್ಲಿ ಧಾರಣೆ ನಿಂತಿರಲಿಲ್ಲ, ಅದು ಇರಲೇ ಇಲ್ಲ.

ಹಣಕಾಸಿನ ದತ್ತಾಂಶದ ಉದ್ಯಮ ಹುಟ್ಟಿನಿಂದಲೇ ವೃತ್ತಿಪರರ ಕಡೆ ಮುಖಮಾಡಿಕೊಂಡು ಬೆಳೆದದ್ದು ಎಂಬುದನ್ನು ಇಲ್ಲಿ ಹೇಳಬೇಕು, ಇಲ್ಲವಾದರೆ ನಮ್ಮ ಸಂಸ್ಥೆಯೊಂದೇ ಅಡ್ಡದಾರಿ ಹಿಡಿದಂತೆ ಕಾಣುತ್ತದೆ. 1850ರಲ್ಲಿ, ಮುಂದೆ ರಾಯಿಟರ್ಸ್ ಸುದ್ದಿಸಂಸ್ಥೆ ಕಟ್ಟಿದ ಪೌಲ್ ಜೂಲಿಯಸ್ ರಾಯಿಟರ್ ಆಖೆನ್ ಮತ್ತು ಬ್ರಸೆಲ್ಸ್ ನಗರಗಳ ನಡುವೆ ಟೆಲಿಗ್ರಾಫ್ ತಂತಿ ಇಲ್ಲದ ತುಂಡು ದಾರಿಯಲ್ಲಿ ಪಾರಿವಾಳಗಳ ಕಾಲಿಗೆ ಷೇರು ಬೆಲೆಗಳನ್ನು ಕಟ್ಟಿ ಕಳುಹಿಸಿದ್ದು ಬ್ಯಾಂಕುಗಳಿಗೂ ವರ್ತಕರಿಗೂ ಹೊರತು ಬೀದಿಯಲ್ಲಿ ಹೋಗುವವನಿಗಲ್ಲ. 1981ರಲ್ಲಿ ಹೂಡಿಕೆ ಬ್ಯಾಂಕಾದ ಸಾಲೊಮನ್ ಬ್ರದರ್ಸ್‌ನಿಂದ ಹೊರಬಿದ್ದ ಮೈಕೆಲ್ ಬ್ಲೂಮ್‌ಬರ್ಗ್ ಕಟ್ಟಿದ, ಬೆಲೆ ಮತ್ತು ಸುದ್ದಿ ತೋರಿಸುವ ಗಣಕಯಂತ್ರವಾದ ಟರ್ಮಿನಲ್ಲಿನ ಮೊದಲ ಗ್ರಾಹಕ ಮೆರಿಲ್ ಲಿಂಚ್ ಎಂಬ ಷೇರು ದಲ್ಲಾಳಿ ಸಂಸ್ಥೆ. ಇಂದಿಗೂ ಆ ಟರ್ಮಿನಲ್ಲಿಗೆ ಒಬ್ಬ ಬಳಕೆದಾರನ ಲೆಕ್ಕದಲ್ಲಿ ವರ್ಷಕ್ಕೆ ಇಪ್ಪತ್ತು ಸಾವಿರ ಡಾಲರಿಗೂ ಹೆಚ್ಚು ಚಂದಾ ಕೊಡಬೇಕು. ಅಮೆರಿಕದ ಷೇರು ವಿನಿಮಯ ಕೇಂದ್ರಗಳಂತೂ ದತ್ತಾಂಶದ ಚಂದಾದಾರರನ್ನು ವೃತ್ತಿಪರ ಮತ್ತು ವೃತ್ತಿಪರರಲ್ಲದ ಎಂದು ಎರಡು ಜಾತಿ ಮಾಡಿ, ಎರಡಕ್ಕೂ ಬೇರೆ ಬೇರೆ ದರ ಇಟ್ಟಿವೆ. ನೋಂದಾಯಿತ ದಲ್ಲಾಳಿಯೋ ಸಲಹೆಗಾರನೋ ಅಲ್ಲದೆ, ತನ್ನ ಸ್ವಂತ ಹಣದ ಹೂಡಿಕೆಗಷ್ಟೇ ಬೆಲೆ ನೋಡುವ ವ್ಯಕ್ತಿ ವೃತ್ತಿಪರನಲ್ಲ, ಮಿಕ್ಕವರೆಲ್ಲ ವೃತ್ತಿಪರರು. ಈ ವಿಂಗಡಣೆಯ ಉದ್ದೇಶ ದರ ನಿಗದಿಯೇ ಹೊರತು ಯಾರಿಗೆ ಏನು ಬೇಕು ಎಂಬುದರ ವಿಚಾರಣೆಯಲ್ಲ. ನಾವೂ ನೋಂದಣಿಯ ಪುಟದಲ್ಲಿ ಅಂಥದ್ದೇ ಎರಡು ಗುಂಡಿಗಳನ್ನು ಇಟ್ಟಿದ್ದೆವು. ನನ್ನ ಚಿಕ್ಕಪ್ಪ ನಲವತ್ತು ವರ್ಷದಿಂದ ಕೊಬ್ಬರಿ ಬಿಟ್ಟು ಬೇರೆ ಕಸುಬು ಮಾಡಿದವರಲ್ಲ, ಆದರೂ ನಮ್ಮ ಲೆಕ್ಕದಲ್ಲಿ ಅವರು 'ಸಾಮಾನ್ಯ ಬಳಕೆದಾರ'. ಆರು ತಿಂಗಳ ಹಿಂದೆ ಕಾಲೇಜು ಮುಗಿಸಿ ವ್ಯಾಪಾರಿ ಸಂಸ್ಥೆಗೆ ಸೇರಿದ, ಕೊಬ್ಬರಿಯನ್ನು ಅಂಗಡಿಯಲ್ಲಷ್ಟೇ ಕಂಡಿದ್ದ ಹುಡುಗ 'ವೃತ್ತಿಪರ'.

ಯಾರು ಮೊದಲು ಎಂಬ ಪ್ರಶ್ನೆ ನಮ್ಮಲ್ಲಿ ಬಂದಾಗಲೆಲ್ಲ ಉತ್ತರ ಒಂದೇ ಆಗಿರುತ್ತಿತ್ತು: ಕಾಸು ಕೊಡುವವರು ಮೊದಲು. ನಾನು ಅದನ್ನು ಹಗುರವಾಗಿ ತಳ್ಳಿಹಾಕುವವನಲ್ಲ. ಐವತ್ತು ವ್ಯಾಪಾರಿ ಸಂಸ್ಥೆಗಳ ಚಂದಾದಿಂದ ನಮ್ಮೆಲ್ಲರ ಸಂಬಳ ನಡೆಯುತ್ತಿತ್ತು. ಆ್ಯಪನ್ನು ಪುಕ್ಕಟೆಯಾಗಿ ಬಳಸುತ್ತಿದ್ದ ಸಾವಿರಾರು ಜನರಿಂದ ಸರ್ವರಿನ ಕರೆಂಟು ಬಿಲ್ಲೂ ಹುಟ್ಟುತ್ತಿರಲಿಲ್ಲ. ಹಣಕ್ಕಿಂತ ಮುಖ್ಯವಾದ ಇನ್ನೊಂದು ಉಪಕಾರವೂ ವೃತ್ತಿಪರರಿಂದ ಆಗುತ್ತಿತ್ತು. ಒಮ್ಮೆ ಯಾವುದೋ ಎಡವಟ್ಟಿನಲ್ಲಿ ಕೊಬ್ಬರಿಯ ಬೆಲೆಯ ಕೊನೆಯ ಸೊನ್ನೆ ಬಿದ್ದುಹೋಗಿ, ಸಾವಿರಗಳಲ್ಲಿ ಇರಬೇಕಾದ ಅಂಕಿ ನೂರುಗಳಲ್ಲಿ ಕಂಡಿತು. ಅರ್ಧ ಗಂಟೆಯೊಳಗೆ ಒಂದು ವ್ಯಾಪಾರಿ ಸಂಸ್ಥೆಯಿಂದ ಫೋನು ಬಂತು, ಬೈಗುಳದ ಸಮೇತ. ಪುಕ್ಕಟೆ ಬಳಕೆದಾರರಲ್ಲಿ ಅದೇ ಅಂಕಿಯನ್ನು ನೋಡಿದವರು ಎಷ್ಟೋ ಪಟ್ಟು ಹೆಚ್ಚು ಇದ್ದರೂ ಒಬ್ಬರೂ ದೂರು ಹೇಳಲಿಲ್ಲ. ತಪ್ಪನ್ನು ಹಿಡಿಯುವ ಕಣ್ಣು, ಹಿಡಿದ ಮೇಲೆ ಜಗಳವಾಡುವ ಬಾಯಿ ಎರಡೂ ಇರುವ ಗ್ರಾಹಕ ದತ್ತಾಂಶಕ್ಕೆ ಗೊಬ್ಬರವಿದ್ದ ಹಾಗೆ. ಅವನಿಗಾಗಿ ಶುದ್ಧ ಮಾಡಿದ ಅಂಕಿಯನ್ನೇ ಉಳಿದವರೂ ಉಣ್ಣುತ್ತಾರೆ.

ಆದರೆ ಶುದ್ಧ ಅಂಕಿಯನ್ನು ಉಣ್ಣುವುದು ಬೇರೆ, ಇನ್ನೊಬ್ಬರ ನಾಲಗೆಗೆ ಹದವಾದ ಅಡುಗೆಯನ್ನು ಉಣ್ಣುವುದು ಬೇರೆ. ನಮ್ಮ ತಂಡದಲ್ಲಿ, ಬಹುಶಃ ಎಲ್ಲ ತಂಡಗಳಲ್ಲೂ, ಒಂದು ನಂಬಿಕೆ ಮಾತಿಗೆ ಬಾರದೆ ಕೆಲಸ ಮಾಡುತ್ತಿತ್ತು: ಸಾಮಾನ್ಯ ಗ್ರಾಹಕ ಎಂದರೆ ಕುಗ್ಗಿದ ವೃತ್ತಿಪರ. ವೃತ್ತಿಪರನಿಗೆ ನೂರು ಸವಲತ್ತು ಕಟ್ಟಿ, ಅದರಲ್ಲಿ ತೊಂಬತ್ತನ್ನು ಕಿತ್ತುಹಾಕಿದರೆ ಉಳಿದದ್ದು ಸಾಮಾನ್ಯನಿಗೆ ಸಾಕು. ಯಾವ ತೊಂಬತ್ತನ್ನು ಕೀಳಬೇಕು ಎಂಬುದನ್ನು ನಾವು ದುಡ್ಡಿನ ಲೆಕ್ಕದಲ್ಲಿ ತೀರ್ಮಾನಿಸಿದ್ದೆವು. ಕ್ಷಣಕ್ಷಣಕ್ಕೂ ಮಿಣುಕುವ ಬೆಲೆ ನೋಡಲು ಚೆಂದ, ಜನ ಮತ್ತೆಮತ್ತೆ ಆ್ಯಪ್ ತೆರೆಯುತ್ತಾರೆ, ಆದ್ದರಿಂದ ಅದು ಪುಕ್ಕಟೆ. ಹತ್ತು ವರ್ಷದ ಹಿಂದಿನ ಧಾರಣೆಗಳ ಇತಿಹಾಸ ಸಂಶೋಧನೆಯ ಸಾಮಗ್ರಿ, ಆದ್ದರಿಂದ ಅದಕ್ಕೆ ಚಂದಾ.

ಅಟ್ಟದ ಕೆಳಗೆ ಕೂತು ಯೋಚಿಸಿದರೆ ಇದು ಪೂರ್ತಿ ತಲೆಕೆಳಗು. ಹನ್ನೊಂದು ತಿಂಗಳು ಮಾಲು ಕಾಯುವವನಿಗೆ ಈ ಕ್ಷಣದ ಬೆಲೆಯಿಂದ ಆಗುವುದೇನೂ ಇಲ್ಲ. ಅವನು ಕೇಳುವ ಪ್ರಶ್ನೆಗಳು ಬೇರೆ: ಶ್ರಾವಣದಿಂದ ದೀಪಾವಳಿಯವರೆಗೆ ಉತ್ತರದ ಕಡೆ ಬೇಡಿಕೆ ಏಳುವಾಗ ಕಳೆದ ಎಂಟು ವರ್ಷಗಳಲ್ಲಿ ಎಷ್ಟು ಸಲ ಧಾರಣೆ ಏರಿದೆ? ಮಾರುಕಟ್ಟೆಗೆ ಬರುವ ಮಾಲು, ಅಂದರೆ ಆವಕ, ಯಾವ ತಿಂಗಳಲ್ಲಿ ಹೆಚ್ಚುತ್ತದೆ? ಸರ್ಕಾರ ಘೋಷಿಸುವ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದ ಧಾರಣೆ ಮೇಲೇಳಲು ಹಿಂದೆ ಎಷ್ಟು ಕಾಲ ಹಿಡಿದಿದೆ? 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದು, 2024ಕ್ಕೆ 12,000 ಆಯಿತು. ಮಾರುಕಟ್ಟೆಯ ಧಾರಣೆ ಆ ದಿನಗಳಲ್ಲಿ ಅದಕ್ಕಿಂತ ಸಾಕಷ್ಟು ಕೆಳಗೆ ಬಿದ್ದಿತ್ತು. ಬೆಂಬಲ ಬೆಲೆಗೆ ಕೊಳ್ಳುವ ಸಹಕಾರಿ ಮಹಾಮಂಡಲ ನಾಫೆಡ್ ನಡೆಸುವ ಖರೀದಿಗೆ ಹೆಸರು ಬರೆಸುವ ಸಾಲಿನಲ್ಲಿ ನಿಲ್ಲಬೇಕೋ, ಬಂದಷ್ಟಕ್ಕೆ ಮಾರಬೇಕೋ, ಅಟ್ಟದಲ್ಲೇ ಬಿಡಬೇಕೋ ಎಂದು ಊರಿಗೆ ಊರೇ ತಲೆ ಕೆಡಿಸಿಕೊಂಡಿದ್ದಾಗ, ಅವರಿಗೆ ನೆರವಾಗಬಹುದಾಗಿದ್ದ ಇತಿಹಾಸವನ್ನು ನಾವು ಚಂದಾದ ಬೀಗದ ಹಿಂದೆ ಇಟ್ಟು, ಹರಾಜಿಲ್ಲದ ದಿನದ ಸುಳ್ಳು ಅಂಕಿಯನ್ನು ಪುಕ್ಕಟೆಯಾಗಿ ಹಂಚುತ್ತಿದ್ದೆವು. ಎರಡು ವರ್ಷ ಕಳೆಯುವುದರೊಳಗೆ, 2025ರಲ್ಲಿ, ಅದೇ ಕೊಬ್ಬರಿ ಕ್ವಿಂಟಲಿಗೆ 25,000 ರೂಪಾಯಿ ದಾಟಿತು. ಇತಿಹಾಸ ನೋಡಿದ್ದರೆ ಯಾರಾದರೂ ಅದನ್ನು ಮೊದಲೇ ಕಂಡುಕೊಳ್ಳುತ್ತಿದ್ದರು ಎಂದು ನಾನು ಹೇಳುವುದಿಲ್ಲ, ವೃತ್ತಿಪರರೂ ಕಂಡುಕೊಳ್ಳಲಿಲ್ಲ. ಆದರೆ ಧಾರಣೆ ಹೀಗೆ ಕುಸಿದು ಹೀಗೆ ಏಳುವುದುಂಟು ಎಂಬುದನ್ನು ಕಣ್ಣಾರೆ ಕಂಡು ಮಾರುವುದಕ್ಕೂ ಕಾಣದೆ ಹೆದರಿ ಮಾರುವುದಕ್ಕೂ ವ್ಯತ್ಯಾಸವಿದೆ.

ಷೇರಿನ ಕಡೆ ಇದೇ ತಪ್ಪಿನ ದೊಡ್ಡ ರೂಪವನ್ನು ಕಾಣಬಹುದು. ಕ್ಷಣಕ್ಷಣದ ಬೆಲೆ, ಯಾವ ಬೆಲೆಗೆ ಎಷ್ಟು ಷೇರು ಕೊಳ್ಳಲು ಮಾರಲು ಜನ ಕಾದಿದ್ದಾರೆ ಎಂದು ತೋರಿಸುವ ಆಳದ ಪಟ್ಟಿ, ಬಣ್ಣಬಣ್ಣದ ನಕ್ಷೆ ಇವೆಲ್ಲ ಒಂದು ಕಾಲಕ್ಕೆ ದಲ್ಲಾಳಿಗಳ ಕೋಣೆಯಲ್ಲಿ ಮಾತ್ರ ಇದ್ದವು. ಈಗ ತುಮಕೂರಿನ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವ ಹುಡುಗನ ಅಂಗೈಯಲ್ಲಿವೆ. ಇದನ್ನು ಸಮಾನತೆ ಎಂದು ಕೊಂಡಾಡುವವರಿದ್ದಾರೆ, ಅದರಲ್ಲಿ ಅರ್ಧ ನಿಜವೂ ಇದೆ. 2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93ರಷ್ಟು ಜನ ನಷ್ಟ ಅನುಭವಿಸಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ಆ ನಷ್ಟಕ್ಕೆ ಪರದೆಯೊಂದೇ ಕಾರಣವಲ್ಲ. ಆದರೂ ವೃತ್ತಿಪರನ ಪರದೆಯನ್ನು ಸಾಮಾನ್ಯನ ಕೈಗೆ ಕೊಟ್ಟರೆ ಅವನು ವೃತ್ತಿಪರನಾಗುವುದಿಲ್ಲ, ವೃತ್ತಿಪರನ ಚಡಪಡಿಕೆಯನ್ನು ಮಾತ್ರ ಕಲಿಯುತ್ತಾನೆ ಎಂಬ ನನ್ನ ಅನುಮಾನ ಆ ಅಂಕಿಗಳನ್ನು ಓದಿದ ಮೇಲೆ ಇನ್ನಷ್ಟು ಗಟ್ಟಿಯಾಯಿತು.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯೂ ನೆನಪಾಗುತ್ತದೆ. ಮ್ಯೂಚುವಲ್ ಫಂಡುಗಳ ಒಕ್ಕೂಟವಾದ ಆಂಫಿ ಎಲ್ಲ ಫಂಡುಗಳ ನಿವ್ವಳ ಆಸ್ತಿ ಮೌಲ್ಯವನ್ನು, ಅಂದರೆ ಒಂದು ಯೂನಿಟ್ಟಿನ ಬೆಲೆಯನ್ನು, ದಿನವೂ ಒಂದು ಸಾದಾ ಪಠ್ಯದ ಕಡತದಲ್ಲಿ ಪುಕ್ಕಟೆಯಾಗಿ ಪ್ರಕಟಿಸುತ್ತದೆ. ಅಂಕಿಗಳ ನಡುವೆ ಅರ್ಧವಿರಾಮ ಚಿಹ್ನೆ, ಅಷ್ಟೇ, ಬಣ್ಣವಿಲ್ಲ, ನಕ್ಷೆಯಿಲ್ಲ. ಅದನ್ನು ಯಾವ ಸಾಮಾನ್ಯನೂ ತೆರೆದು ಓದುವುದಿಲ್ಲ. ಆದರೆ ಪ್ರತಿ ಸಾಲಿನಲ್ಲೂ ಆ ಮೌಲ್ಯ ಯಾವ ದಿನದ್ದು ಎಂದು ಬರೆದಿರುತ್ತದೆ, ಹಳತನ್ನು ಹೊಸತೆಂದು ತೋರಿಸುವುದಿಲ್ಲ. ಅದರ ಮೇಲೆ ಯಾರು ಬೇಕಾದರೂ ತಮಗೆ ಬೇಕಾದ ಪರದೆ ಕಟ್ಟಿಕೊಳ್ಳಬಹುದು, ಕಟ್ಟಿಕೊಂಡಿದ್ದಾರೆ ಕೂಡ. ಕೆಳಗಿನ ಪದರ ಪ್ರಾಮಾಣಿಕವಾಗಿದ್ದರೆ ಮೇಲೆ ಯಾರಿಗೆ ಮೊದಲ ಮಣೆ ಎಂಬ ಜಗಳ ಅಷ್ಟು ಕ್ರೂರವಾಗುವುದಿಲ್ಲ.

'ಸಾಮಾನ್ಯ ಗ್ರಾಹಕ' ಎಂಬುದೇ ಒಂದು ಗುಂಪಲ್ಲ ಎಂಬ ಪಾಠವನ್ನು ನಾನು ತಡವಾಗಿ ಕಲಿತದ್ದು ಕೋಲಾರದಲ್ಲಿ. ಕೊಬ್ಬರಿಯವನ ಪರವಾಗಿ ವಾದಿಸಿ ವಾದಿಸಿ, ಬೆಳೆಗಾರನಿಗೆ ಬೇಕಾದದ್ದು ಇತಿಹಾಸ ಎಂದು ಕಚೇರಿಯಲ್ಲಿ ಘೋಷಣೆ ಮಾಡುವ ಮಟ್ಟಕ್ಕೆ ಬಂದಿದ್ದೆ. ಕೋಲಾರದ ಟೊಮೆಟೊ ಮಾರುಕಟ್ಟೆಗೆ ಹೋಗಿ ನಿಂತಾಗ ಆ ಘೋಷಣೆ ಅಲ್ಲಿಯೇ ಬಾಡಿತು. ಟೊಮೆಟೊಗೆ ಅಟ್ಟವಿಲ್ಲ. ಇಂದು ಕಿತ್ತದ್ದು ನಾಳೆಯೊಳಗೆ ಹೋಗಬೇಕು. ಹತ್ತು ವರ್ಷದ ನಕ್ಷೆಯನ್ನು ಅಲ್ಲಿಯ ಬೆಳೆಗಾರನ ಮುಂದೆ ಹಿಡಿದರೆ, ಬಾಕ್ಸ್ ತುಂಬಿದ ಟೆಂಪೊವನ್ನು ಕೋಲಾರಕ್ಕೆ ತಿರುಗಿಸಲೋ ಚಿಂತಾಮಣಿಗೆ ತಿರುಗಿಸಲೋ ಹೇಳಿ ಸ್ವಾಮಿ ಎಂದಾನು. ಅಲ್ಲಿಯ ಇನ್ನೊಂದು ಸಂಗತಿ ನನ್ನನ್ನು ನಾಚಿಸಿತು. ಸರ್ಕಾರಿ ಜಾಲತಾಣಗಳಲ್ಲಿ ಬಹುತೇಕ ಸರಕಿನ ಬೆಲೆ ಕ್ವಿಂಟಲಿನ ಲೆಕ್ಕದಲ್ಲಿರುತ್ತದೆ, ನಾವೂ ಹಾಗೆಯೇ ಕೊಡುತ್ತಿದ್ದೆವು, ದೂರದ ಊರುಗಳ ಖರೀದಿದಾರರಿಗೂ ಅದೇ ಅನುಕೂಲ. ಕೋಲಾರದಲ್ಲಿ ಟೊಮೆಟೊ ಕೂಗುವುದು ಹದಿನೈದು ಕಿಲೋ ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈನಲ್ಲಿ ದೇಶದ ಎಲ್ಲ ಪತ್ರಿಕೆಗಳೂ ಟೊಮೆಟೊ ಬಗ್ಗೆ ಬರೆಯುತ್ತಿದ್ದಾಗ ಅಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿತ್ತು. 2,200 ರೂಪಾಯಿಯ ಬಾಕ್ಸ್ ಎಂದರೆ ನಮ್ಮ ಪರದೆಯಲ್ಲಿ 14,667. ಆ ಅಂಕಿಯಿಂದ ಬಾಕ್ಸಿನ ಬೆಲೆಗೆ ಬರಲು ನೂರರಿಂದ ಭಾಗಿಸಿ ಹದಿನೈದರಿಂದ ಗುಣಿಸಬೇಕು. ಬೆಳಗಿನ ಜಾವದ ಗದ್ದಲದಲ್ಲಿ, ಹಮಾಲಿಗಳ ಕೂಗಾಟದ ನಡುವೆ, ಈ ಲೆಕ್ಕವನ್ನು ಬೆಳೆಗಾರನ ತಲೆಗೆ ಕಟ್ಟಿದ್ದ ನಾವು ಒಂದು ಸಾಲಿನ ಸೂತ್ರ ಬರೆದು ಮುಗಿಸಬಹುದಾಗಿತ್ತು. ಯಾವ ವೃತ್ತಿಪರನೂ ಕೇಳಿರಲಿಲ್ಲ, ಆದ್ದರಿಂದ ಬರೆದಿರಲಿಲ್ಲ.

ಕೇಳಿದ್ದನ್ನು ಕೊಡುವ ಪದ್ಧತಿಯ ಮುಖ್ಯ ದೋಷ ಇದೇ ಎಂದು ನನಗೆ ತೋರುತ್ತದೆ. ವೃತ್ತಿಪರನಿಗೆ ಕೇಳಲು ಭಾಷೆಯಿದೆ. ನಮ್ಮ ಮಾರಾಟದವರು ತಿಂಗಳಿಗೊಮ್ಮೆ ಅವನ ಕಚೇರಿಗೆ ಹೋಗಿ ಕಾಫಿ ಕುಡಿಯುತ್ತಾರೆ, ಅವನ ಬೇಡಿಕೆ ಪಟ್ಟಿಯಾಗಿ ಬರುತ್ತದೆ, ಪಟ್ಟಿಗೆ ಒಂದು ಚಂದಾ ಮೊತ್ತ ಅಂಟಿಕೊಂಡಿರುತ್ತದೆ. ಸಾಮಾನ್ಯನ ಬೇಡಿಕೆ ಬೇಡಿಕೆಯ ರೂಪದಲ್ಲಿ ಬರುವುದೇ ಇಲ್ಲ; ಅವನು ಆ್ಯಪನ್ನು ತೆಗೆದುಹಾಕುತ್ತಾನೆ, ಅಥವಾ ದಲ್ಲಾಳಿ ಮಂಡಿಗೆ ಫೋನು ಮಾಡಿ ಅಲ್ಲಿಯವರು ಹೇಳಿದ ಬೆಲೆಯನ್ನೇ ನಂಬುತ್ತಾನೆ. ನಮ್ಮ ಕೋಷ್ಟಕದಲ್ಲಿ ಅದು 'ಬಳಕೆ ಕಡಿಮೆ' ಎಂದು ದಾಖಲಾಗುತ್ತದೆ, ಬಳಕೆ ಕಡಿಮೆಯಿರುವುದಕ್ಕೆ ಶ್ರಮ ಏಕೆ ಎಂಬ ಮಾತು ಮುಂದಿನ ಸಭೆಯಲ್ಲಿ ಏಳುತ್ತದೆ.

ದೀಪಾವಳಿಯ ನಂತರದ ಸಭೆಯಲ್ಲಿ ನಾನು ಚಿಕ್ಕಪ್ಪನ ಎರಡು ಪ್ರಶ್ನೆಗಳನ್ನು ಇಟ್ಟೆ. ಪೂರ್ತಿ ಗೆಲ್ಲಲಿಲ್ಲ. ಇತಿಹಾಸವನ್ನೆಲ್ಲ ಪುಕ್ಕಟೆ ಕೊಡುವುದಕ್ಕೆ ಒಪ್ಪಿಗೆ ಸಿಗಲಿಲ್ಲ. ತಿಂಗಳ ಸರಾಸರಿಯನ್ನು ಮಾತ್ರ ಬಿಡೋಣ, ದಿನದಿನದ ಅಂಕಿಗೆ ಚಂದಾ ಇರಲಿ ಎಂದಾಯಿತು. ಅಟ್ಟದವನಿಗೆ ತಿಂಗಳ ಸರಾಸರಿಯೇ ಸಾಕು, ಆದ್ದರಿಂದ ನಾನು ಹೆಚ್ಚು ಹಟ ಮಾಡಲಿಲ್ಲ. ಖಾಲಿ ದಿನಗಳ ವಿಷಯದಲ್ಲಿ ಮಾತ್ರ ಬಿಡಲಿಲ್ಲ. ವೃತ್ತಿಪರರ ಸೂತ್ರ ಮುರಿಯುತ್ತದೆ ಎಂಬ ಆಕ್ಷೇಪಕ್ಕೆ, ತುಂಬಿಸಿದ ಅಂಕಿ ಬೇಕಾದವರು ಆರಿಸಿಕೊಳ್ಳಲಿ, ಆರಿಸಿಕೊಳ್ಳದವರಿಗೆ ಖಾಲಿಯನ್ನು ಖಾಲಿಯೆಂದೇ ತೋರಿಸೋಣ ಎಂದೆ. ಇಬ್ಬರು ಎಂಜಿನಿಯರುಗಳಿಗೆ ಮೂರು ವಾರದ ಕೆಲಸ. ತಮಾಷೆಯೆಂದರೆ, ಬದಲಾವಣೆಯಾದ ಮೇಲೆ ಅದಕ್ಕೆ ಮೊದಲು ಧನ್ಯವಾದ ಹೇಳಿದ್ದು ಒಂದು ವ್ಯಾಪಾರಿ ಸಂಸ್ಥೆಯೇ. ಯಾವ ಅಂಕಿ ಹರಾಜಿನದು, ಯಾವುದು ತುಂಬಿಸಿದ್ದು ಎಂದು ತಿಳಿಯದೆ, ಅಲ್ಲಿಗೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಬೆಲೆಯ ಏರಿಳಿತವನ್ನು ಕಡಿಮೆಯಾಗಿ ಲೆಕ್ಕ ಹಾಕುತ್ತಿದ್ದನಂತೆ.

ಮುಂದಿನ ಯುಗಾದಿಗೆ ಊರಿಗೆ ಹೋದಾಗ ಹೊಸ ಪರದೆಯನ್ನು ಚಿಕ್ಕಪ್ಪನಿಗೆ ತೋರಿಸಿದೆ. ಹರಾಜಿನ ದಿನಗಳಲ್ಲಿ ಧಾರಣೆ, ಮಿಕ್ಕ ದಿನಗಳಲ್ಲಿ 'ಹರಾಜಿಲ್ಲ' ಎಂಬ ಮಾತು, ಮೇಲೆ ದೊಡ್ಡ ಅಕ್ಷರದಲ್ಲಿ ಕೊನೆಯ ಹರಾಜಿನ ವಾರ ಮತ್ತು ದಿನಾಂಕ. ಅವರು ನೋಡಿ, ಏನೂ ಹೇಳದೆ ಎದ್ದು ಹೋಗಿ, ನಡುಮನೆಯ ಮೊಳೆಯಿಂದ ಗೋಡೆ ಕ್ಯಾಲೆಂಡರನ್ನು ಕಿತ್ತುಕೊಂಡು ಬಂದರು. ಅದರ ಹಿಂದೆ ಹಳೆಯ ವರ್ಷಗಳ ಕ್ಯಾಲೆಂಡರುಗಳೂ ಒಂದರ ಮೇಲೊಂದು ಅದೇ ದಾರದಲ್ಲಿ ನೇತಾಡುತ್ತಿದ್ದವು. ಪ್ರತಿ ಹರಾಜಿನ ದಿನದ ಚೌಕದಲ್ಲಿ ನೀಲಿ ಪೆನ್ನಿನಲ್ಲಿ ಒಂದೊಂದು ಅಂಕಿ, ಉಳಿದ ಚೌಕಗಳು ಖಾಲಿ. ನಾನು ಫೋನಿನಲ್ಲಿ ಹಿಂದಿನ ವರ್ಷಕ್ಕೆ ಹೋಗಿ ಅವರ ಅಂಕಿಗಳೊಂದಿಗೆ ತಾಳೆ ನೋಡತೊಡಗಿದೆ. ಬಹುತೇಕ ಹೊಂದಿದವು. ಮಾರ್ಚಿ ತಿಂಗಳ ಒಂದು ಚೌಕದಲ್ಲಿ ಅವರದು ಖಾಲಿ, ನಮ್ಮದರಲ್ಲಿ ಅಂಕಿ ಇತ್ತು.

"ಅವತ್ತು ಹಮಾಲಿಗಳು ಕೆಲ್ಸಕ್ಕೆ ಬಂದಿರ್ಲಿಲ್ಲ, ಹರಾಜು ನಿಂತೋಗಿತ್ತು" ಎಂದರು ಚಿಕ್ಕಪ್ಪ. "ನಿಮ್ಮೋರಿಗೆ ಯಾರು ಹೇಳಿದ್ರು ಆ ರೇಟು?"

ಆ ದಿನಾಂಕವನ್ನು ಬರೆದುಕೊಂಡೆ.